ಐದೂಮುಕ್ಕಾಲಿನ ಮಿಸ್ಡ್ ಕಾಲ್



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರುತ್ತೀರಿ. ನಾನು ವ್ಯಾಯಾಮದ ಬಗ್ಗೆ ಮಾತಾಡುತ್ತೇನೆ. ಅದನ್ನು ಒಬ್ಬರೇ ಮಾಡಬೇಕೋ, ಜೊತೆಗಾರರಿರಬೇಕೋ ಎಂಬುದು ನನ್ನ ವಿಷಯ.

ಒಂಬತ್ತನೇ ತರಗತಿಯಲ್ಲಿ ನನ್ನ ಬೆಂಚಿನ ಗೆಳೆಯ ತಾಲ್ಲೂಕು ಕ್ರೀಡಾಕೂಟದ 1500 ಮೀಟರ್ ಓಟಕ್ಕೆ ಅಭ್ಯಾಸ ಮಾಡುತ್ತಿದ್ದ. ಒಬ್ಬನೇ ಓಡಲು ಬೇಜಾರೆಂದು ದಿನಾ ನಸುಕಿನಲ್ಲಿ ನಮ್ಮ ಮನೆ ಕಿಟಕಿ ಬಡಿದು ನನ್ನನ್ನೂ ಕೆರೆ ಏರಿಗೆ ಎಳೆದೊಯ್ಯುತ್ತಿದ್ದ. ಊರು ಬಿಟ್ಟೆ, ಓಟವೂ ಬಿಟ್ಟುಹೋಯಿತು.

ಮೂವತ್ತಮೂರನೇ ವಯಸ್ಸಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅದೇ ಕಾಯಿಲೆಯಿಂದ ಅಪ್ಪನ ಕಾಲ್ಬೆರಳು ತೆಗೆದದ್ದನ್ನು ನೋಡಿದವನು ನಾನು. ಹೆದರಿ ಜಿಮ್‌ಗೆ ವರ್ಷದ ಹಣ ಕಟ್ಟಿದೆ. ಮೂರು ವಾರ ಹೋದೆ. ನಾಲ್ಕನೇ ವಾರ ಯಾಕೆ ಬರಲಿಲ್ಲವೆಂದು ಕೇಳುವವರು ಯಾರೂ ಇರಲಿಲ್ಲ.

ಕೊನೆಗೆ ಊರಲ್ಲೇ ಬೇಸಾಯ ಮಾಡಿಕೊಂಡಿರುವ ಅದೇ ಗೆಳೆಯನಿಗೆ ಫೋನ್ ಮಾಡಿದೆ. "ಬೆಳಿಗ್ಗೆ ಐದೂಮುಕ್ಕಾಲಿಗೆ ಒಂದು ಮಿಸ್ಡ್ ಕಾಲ್ ಕೊಡೋ. ನಾನು ಚಪ್ಪಲಿ ಬಿಟ್ಟು ಶೂ ಹಾಕಿದ ಮೇಲೆ ವಾಪಸ್ ಕೊಡ್ತೀನಿ" ಅಂದೆ. "ಹಂಗಾದ್ರೆ ನಾನೂ ಏರಿ ಮೇಲೆ ನಡೀಬೇಕೇನೋ?" ಅಂದ. ನಡೆದ. ಆರು ತಿಂಗಳಲ್ಲಿ ನನ್ನ ಅಂಕಿ 5.6ಕ್ಕೆ ಇಳಿಯಿತು.

ಇದನ್ನು ವಿಜ್ಞಾನವೂ ಗಮನಿಸಿದೆ. 1920ರ ದಶಕದಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಒಟ್ಟೋ ಕೋಹ್ಲರ್, ಬರ್ಲಿನ್ನಿನ ದೋಣಿ ಹುಟ್ಟು ಹಾಕುವವರಿಂದ ಜೋಡಿಯಾಗಿ ಭಾರ ಎತ್ತಿಸಿದರು. ಜೋಡಿಯಲ್ಲಿ ಕಡಿಮೆ ಶಕ್ತಿಯವನು ಒಬ್ಬನೇ ಇದ್ದಾಗಿನದಕ್ಕಿಂತ ಹೆಚ್ಚು ಹೊತ್ತು ತಾಳಿಕೊಂಡ. ಆದರೆ ಇಬ್ಬರ ಶಕ್ತಿಯ ಅಂತರ ತೀರಾ ಹೆಚ್ಚಿದ್ದರೆ ಆ ಲಾಭ ತಗ್ಗುತ್ತಿತ್ತು. ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್ಮನ್ ಹಗ್ಗ ಎಳೆಸಿ ನೋಡಿದಾಗ, ಜನ ಹೆಚ್ಚಾದಂತೆ ತಲೆಗೆ ಬೀಳುವ ಎಳೆತ ಕಡಿಮೆಯಾಗಿತ್ತು. ನಮ್ಮ ಶಾಲೆಯ ಹಗ್ಗಜಗ್ಗಾಟದಲ್ಲಿ ಕೊನೆಯಲ್ಲಿ ನಿಂತು ಬರೀ ಕೂಗುತ್ತಿದ್ದ ನನಗೆ ಇದು ಮೊದಲೇ ಗೊತ್ತಿತ್ತು!

ಜೊತೆಯಲ್ಲಿ ಅಪಾಯವೂ ಇದೆ. ದಸರಾಕ್ಕೆ ಊರಿಗೆ ಬಂದಾಗ ಅವನ ಸಮಕ್ಕೆ ಓಡಲು ಹೋಗಿ ಮಂಡಿ ನೋಯಿಸಿಕೊಂಡು ಮೂರು ವಾರ ಕುಂಟಿದೆ. ಒಬ್ಬರೇ ಇದ್ದಾಗ ನಮ್ಮ ಉಸಿರು ನಮಗೆ ಕೇಳಿಸುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಸಾಧಾರಣ ವೇಗಕ್ಕೆ ಅದೇ ಅಳತೆ.

ಇನ್ನೊಂದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಕಳೆದ ವರ್ಷ ಐದು ದಿನ ಅವನ ಮಿಸ್ಡ್ ಕಾಲ್ ಬರಲಿಲ್ಲ. ನಾನು ಹಾಯಾಗಿ ಮಲಗಿದೆ. ಏಕೆ ಬರಲಿಲ್ಲವೆಂದು ಕೇಳಲಿಲ್ಲ. ಆರನೇ ದಿನ ಫೋನ್ ಮಾಡಿದರೆ, ಅವನು ಅವನ ಅವ್ವನ ಜೊತೆ ಆಸ್ಪತ್ರೆಯಲ್ಲಿದ್ದ. "ನಿನ್ನ ನಿದ್ದೆ ಯಾಕೆ ಕೆಡಿಸಲಿ ಅಂತ ಸುಮ್ನಾದೆ ಕಣೋ" ಅಂದ. ಬೇರೇನೂ ಅನ್ನಲಿಲ್ಲ. ಅವನನ್ನು ನಾನು ಜೊತೆಗಾರ ಎನ್ನುತ್ತಿದ್ದೆ, ಬಳಸಿಕೊಂಡದ್ದು ಅಲಾರಂ ಥರ. ಮರುದಿನದಿಂದ ಐದೂಮುಕ್ಕಾಲಿಗೆ ನಾನೇ ಮಿಸ್ಡ್ ಕಾಲ್ ಕೊಟ್ಟು, ಒಬ್ಬನೇ ನಡೆದೆ. ಅವನು ಆಸ್ಪತ್ರೆಯ ವರಾಂಡದಲ್ಲಿ ನಡೆದ. ಅವ್ವ ಗುಣವಾಗಿ ಮನೆಗೆ ಬಂದರು.

ಮಕ್ಕಳೇ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನಿಮ್ಮ ವಯಸ್ಸಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ದೇಹ ದಣಿಯಬೇಕು. ಶುರು ಮಾಡಲು ಒಬ್ಬ ಜೊತೆಗಾರನನ್ನು ಹುಡುಕಿಕೊಳ್ಳಿ. ಅವನು ಬಾರದ ದಿನ ಒಬ್ಬರೇ ನಡೆಯಿರಿ. ಆದರೆ ಅದಕ್ಕೂ ಮೊದಲು, ಅವನು ಯಾಕೆ ಬರಲಿಲ್ಲವೆಂದು ವಿಚಾರಿಸಿ.

ಆ ಗೆಳೆಯ ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾನೆ. ನಾಳೆ ಬೆಳಿಗ್ಗೆ ನಾವಿಬ್ಬರೂ ಕೆರೆ ಏರಿಯ ಮೇಲಿರುತ್ತೇವೆ. ಬರುವವರು ಬನ್ನಿ.