ಆರ್ದ್ರೆ ಮಂಕಾದ ಚಳಿಗಾಲ

ಮಕ್ಕಳೇ, ಸಾಫ್ಟ್‌ವೇರ್ ಬಗ್ಗೆ ಹೇಳುತ್ತೇನೆಂದು ಕಾದಿದ್ದರೆ ನಿರಾಸೆಯಾದೀತು.

ಬೆಂಗಳೂರಿನಲ್ಲಿ ನಾನು ಹವ್ಯಾಸಿ ಖಗೋಳ ವೀಕ್ಷಕರ ಬಳಗವೊಂದರಲ್ಲಿದ್ದೇನೆ. ಅಮಾವಾಸ್ಯೆಯ ಹತ್ತಿರದ ಶನಿವಾರ ಕತ್ತಲೆ ಹುಡುಕಿಕೊಂಡು ನೂರು ಕಿಲೋಮೀಟರ್ ಹೋಗುತ್ತೇವೆ. ಅಲ್ಲಿ ಟೆಲಿಸ್ಕೋಪ್ ಇಲ್ಲದವರಿಗೂ ಕೆಲಸ ಉಂಟು. 2019ರ ಕೊನೆಗೆ ಆರ್ದ್ರಾ ನಕ್ಷತ್ರ, ನಿಮ್ಮಜ್ಜ ಹೇಳುವ ಆರಿದ್ರೆ ಮಳೆಗೆ ಹೆಸರು ಕೊಟ್ಟದ್ದು, ಮಂಕಾಗತೊಡಗಿತು. ಅದನ್ನು ರೋಹಿಣಿಯೊಡನೆ ಬರಿಗಣ್ಣಿನಿಂದ ಹೋಲಿಸಿ, ದಿನಾಂಕ, ಗಂಟೆ, ಹೊಳಪು ಬರೆದಿಡುವುದನ್ನು ಹಿರಿಯ ಸದಸ್ಯರು ಕಲಿಸಿದರು. ಸಾಮಾನ್ಯವಾಗಿ ರೋಹಿಣಿಯನ್ನು ಮೀರಿಸುವ ಆರ್ದ್ರೆ 2020ರ ಫೆಬ್ರುವರಿಯಲ್ಲಿ ಅದಕ್ಕಿಂತ ಸ್ಪಷ್ಟವಾಗಿ ಮಂಕಾಗಿತ್ತು. ನಕ್ಷತ್ರವೇ ಉಗುಳಿದ ಅನಿಲ ತಣಿದು ಧೂಳಾಗಿ ಬೆಳಕಿಗೆ ಅಡ್ಡ ಬಂತೆಂದು ವಿಜ್ಞಾನಿಗಳು ಆಮೇಲೆ ವಿವರಿಸಿದರು. ಇಂಥ ಟಿಪ್ಪಣಿಗಳನ್ನು ಅಮೆರಿಕದ ಎಎವಿಎಸ್‌ಒ ಎಂಬ ಸಂಸ್ಥೆ 1911ರಿಂದ ಕೂಡಿಡುತ್ತಿದೆ. ಹವ್ಯಾಸಿಗಳು ಕಳಿಸಿದ್ದೇ ಅದರಲ್ಲಿ ಬಹುಪಾಲು.

ನಾವು ಪೆಟ್ರೋಲ್ ಸುಟ್ಟು ಹುಡುಕುವ ಕತ್ತಲೆ ಈ ಮೈದಾನದಲ್ಲಿ ಇನ್ನೂ ಇದೆ. ಸುವರ್ಣ ಮಹೋತ್ಸವದ ಕೊಡುಗೆಯೆಂದು ಹಳೆಯ ವಿದ್ಯಾರ್ಥಿಗಳು ಇಲ್ಲಿ ಹೈಮಾಸ್ಟ್ ದೀಪ ಹಾಕಿಸುತ್ತಿದ್ದೇವೆ. ನನ್ನ ಪಾಲಿನ ಹಣವೂ ಅದರಲ್ಲಿದೆ. ಹೆಣ್ಣುಮಕ್ಕಳು ಸಂಜೆ ಅಭ್ಯಾಸಕ್ಕೆ ಬರುವಾಗ ಬೆಳಕು ಬೇಕೇ ಬೇಕು. ಆದರೆ ಸ್ವಿಚ್ ಶಾಲೆಯ ಕೈಯಲ್ಲೇ ಇರಲಿ. ತಿಂಗಳಿಗೊಂದು ರಾತ್ರಿ, ಅಮಾವಾಸ್ಯೆಯ ಆಸುಪಾಸಿನಲ್ಲಿ, ದೀಪ ಆರಿಸಿಡಿ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳುತ್ತೇನೆ. ಜನವರಿಯಲ್ಲಿ ಟೆಲಿಸ್ಕೋಪ್ ನಾನು ತರುತ್ತೇನೆ, ನೋಟ್‌ಪುಸ್ತಕ ನೀವು ತನ್ನಿ.