ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವೂ ವೇಳೆಯೂ
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಊರಿನಲ್ಲಿ ತಾಯಿಗೆ ಕಾಯಿಲೆಯೆಂದು ಸುದ್ದಿ ಬಂದಾಗ ಇಬ್ರಾಹಿಂಪಟ್ನಂನಲ್ಲಿರುವ ನಾವು ಮೊದಲು ಕೇಳುವ ಮಾತು, "ವಿಮಾನಕ್ಕೆ ಎಷ್ಟು ಹೊತ್ತು?" ಎಂಬುದು. ಟಿಕೆಟಿನಲ್ಲಿ ಅಚ್ಚಾದ ವೇಳೆಯನ್ನೇ ಉತ್ತರವೆಂದು ತಿಳಿಯುವವರು ಬಹಳ. ಗಿರಣಿಯಲ್ಲಿ ಚೀಲಸಹಿತ ತೂಕ ಬೇರೆ, ಮಾಲಿನ ತೂಕ ಬೇರೆ, ಇಲ್ಲಿಯೂ ಹಾಗೆಯೇ.

ಮೊದಲು ದೂರವನ್ನು ನೋಡೋಣ. ಗನ್ನವರಂ ನಿಲ್ದಾಣದಿಂದ ವಿಶಾಖಪಟ್ಟಣದ ನೌಕಾನೆಲೆಗೆ ಸೇರಿದ ಹಳೆಯ ನಿಲ್ದಾಣವು ಸುಮಾರು 132 ಕಿಲೋಮೀಟರು ಉತ್ತರಕ್ಕೂ 257 ಕಿಲೋಮೀಟರು ಪೂರ್ವಕ್ಕೂ ಇದೆ. ಒಂದು ಅಕ್ಷಾಂಶಕ್ಕೆ 111 ಕಿಲೋಮೀಟರು. ರೇಖಾಂಶಗಳು ಧ್ರುವಗಳ ಕಡೆಗೆ ಹೋದಂತೆ ಕೂಡಿಕೊಳ್ಳುವುದರಿಂದ ನಮ್ಮ ಸೀಮೆಯಲ್ಲಿ ಒಂದು ರೇಖಾಂಶಕ್ಕೆ 106 ಮಾತ್ರ. ಶಾಲೆಯಲ್ಲಿ ಕಲಿತ ಕರ್ಣದ ಲೆಕ್ಕ ಹಾಕಿದರೆ ನೇರ ದೂರ 290. ರೈಲಾದರೋ ಏಲೂರು, ರಾಜಮಹೇಂದ್ರಿಗಳನ್ನು ಬಳಸಿಕೊಂಡು ಸುಮಾರು 350 ಓಡುತ್ತದೆ.

ಮರುಭೂಮಿಯಲ್ಲಿ ಈ ಅಂತರ ಇನ್ನೂ ಹೆಚ್ಚು. ಆಸ್ಟ್ರೇಲಿಯಾದ ನಡುನಾಡಿನಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಉಲುರು ಬಂಡೆಯ ಬಳಿಯ ನಿಲ್ದಾಣಕ್ಕೆ ನೇರವಾಗಿ 335 ಕಿಲೋಮೀಟರು. ರಸ್ತೆಯು ದಕ್ಷಿಣಕ್ಕೆ 200 ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಸುಮಾರು 450 ಆಗುತ್ತದೆ. ನಡುವೆ ಊರುಗಳೇ ವಿರಳ. ಅಲ್ಲಿ ವಿಮಾನದಲ್ಲಿ ಉಳಿಯುವುದು ನಿಜವಾದ ಉಳಿತಾಯ.

ಇನ್ನು ವೇಳೆ. ಪಂಖದ ವಿಮಾನವು ಗಂಟೆಗೆ ಸುಮಾರು 500 ಕಿಲೋಮೀಟರು ಹಾರುತ್ತದೆ. 290ಕ್ಕೆ 35 ನಿಮಿಷ ಸಾಕೆಂದು ಲೆಕ್ಕ ಹೇಳುತ್ತದೆ. ಆದರೆ ಓಡುದಾರಿಗೆ ಹೋಗುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಸೇರಿ ಒಂದು ಗಂಟೆಯೆಂದೇ ಹಿಡಿಯಬೇಕು. ಇಷ್ಟು ಸಣ್ಣ ದಾರಿಯಲ್ಲಿ ಜೆಟ್ ವಿಮಾನವೂ ಹೆಚ್ಚೇನೂ ಗೆಲ್ಲದು. ಏರಿ ನೆಟ್ಟಗಾಗುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಎದುರುಗಾಳಿ 50ರ ವೇಗದಲ್ಲಿದ್ದರೆ 500 ಎಂಬುದು 450 ಆಗುತ್ತದೆ.

ಇದಕ್ಕೆ ಚೀಲದ ತೂಕ ಸೇರಿಸಿರಿ. ನಮ್ಮೂರು ವಿಜಯವಾಡದ ಪಶ್ಚಿಮಕ್ಕೆ, ಗನ್ನವರಂ ಪೂರ್ವಕ್ಕೆ. ನಗರ ದಾಟಿ ಹೋಗಲು ಒಂದು ಗಂಟೆ, ತಪಾಸಣೆಗೆ ಮುಂಚಿತವಾಗಿ ಒಂದೂವರೆ ಗಂಟೆ, ಇಳಿದ ಮೇಲೆ ಪೆಟ್ಟಿಗೆಗೂ ಗಾಡಿಗೂ ಒಂದು ಗಂಟೆ. ಒಟ್ಟು ನಾಲ್ಕೂವರೆ. 2023ರ ಜನವರಿಯಲ್ಲಿ ಆರಂಭವಾದ ವಂದೇ ಭಾರತ್ ರೈಲು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಸುಮಾರು ನಾಲ್ಕು ಗಂಟೆಯಲ್ಲಿ ಮುಟ್ಟಿಸುತ್ತದೆ. ಸ್ಟೇಷನ್ನಿಗೆ ಹೋಗುವ ಹೊತ್ತು ಸೇರಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ಸಾಲ ಮಾಡಿ ವಿಮಾನ ಹತ್ತುವ ದಾರಿ ಅದಲ್ಲವೆಂದು ನನ್ನ ಅಭಿಪ್ರಾಯ. ಭೋಗಾಪುರದ ಹೊಸ ನಿಲ್ದಾಣವಾದರೆ ಅಲ್ಲಿಂದ ನಗರಕ್ಕೆ ಬರುವ ದಾರಿಯೂ ಉದ್ದ.

ಬೆಂಗಳೂರಿನ ಮಾತು ಬೇರೆ. ಗನ್ನವರಂನಿಂದ ದೇವನಹಳ್ಳಿಗೆ ನೇರವಾಗಿ 500 ಕಿಲೋಮೀಟರು, ರಸ್ತೆಯಲ್ಲಿ 600ಕ್ಕೂ ಮೀರಿ. ರೈಲಿಗೆ ಒಂದು ರಾತ್ರಿ ಪೂರ್ತಿ ಬೇಕು. ಹಾರಾಟಕ್ಕೆ ಒಂದೂಕಾಲು ಗಂಟೆ ಹಿಡಿದು, ಚೀಲದ ತೂಕವನ್ನೆಲ್ಲ ಕೂಡಿಸಿದರೂ ಐದಾರು ಗಂಟೆಯೊಳಗೆ ಬೆಂಗಳೂರು ಸೇರಬಹುದು. ಹಾಸಿಗೆ ಹಿಡಿದವರ ಮುಖ ನೋಡಬೇಕಾದಾಗ ಆ ಅರ್ಧ ದಿನಕ್ಕೆ ಹಣ ಕೊಡಬಹುದು. ಆದರೆ ದೇವನಹಳ್ಳಿಯಲ್ಲಿ ಇಳಿದವರಿಗೆ ನಗರ ಇನ್ನೂ 35 ಕಿಲೋಮೀಟರು. ಊರು ಹಾಸನದ ಕಡೆಯದಾದರೆ ಮುಂದಿನ ಬಸ್ಸಿನ ವೇಳೆಯನ್ನು ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿರಿ.

ಸಂದೇಹವಿದ್ದವರು ಭೂಗೋಳದ ಗೋಲದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಬಹುದು. ಚಪ್ಪಟೆ ನಕ್ಷೆಯಲ್ಲಿ, ಅದರಲ್ಲೂ ದೂರದೇಶಗಳಿಗೆ, ಈ ಅಳತೆ ಸರಿಬಾರದು.