ಮನೆಯಲ್ಲಿರುವ ಆಯುಧವೂ ಒಂದು ಅಮಾನತ್
(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನು ನಮಗೆ ಕೊಟ್ಟಿರುವ ಜೀವ, ಮಕ್ಕಳು, ಸೊತ್ತು ಎಲ್ಲವೂ ಅಮಾನತ್. ನಮ್ಮಲ್ಲಿ ಕೆಲವರ ಮನೆಗಳಲ್ಲಿ ಇನ್ನೂ ಒಂದು ಅಮಾನತ್ ಇದೆ. ಅದು ಆಯುಧ. ಕೊಡಗು, ಚಿಕ್ಕಮಗಳೂರು ಕಡೆಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಕೋವಿ ಇರುತ್ತದೆ. ಪೇಟೆಯ ಕೆಲವು ವ್ಯಾಪಾರಿಗಳ, ನಿವೃತ್ತ ಸೈನಿಕರ ಬಳಿ ಪಿಸ್ತೂಲು ಅಥವಾ ರಿವಾಲ್ವರ್ ಇರುತ್ತದೆ. ಪರವಾನಗಿ ಸಿಕ್ಕಿದ ಮೇಲೆ ಎಲ್ಲವೂ ಮುಗಿಯಿತೆಂದು ನಾವು ಭಾವಿಸುತ್ತೇವೆ. ಹೊಣೆ ಆರಂಭವಾಗುವುದೇ ಆಗ.

ಮಸೀದಿಗೋ ಮಾರುಕಟ್ಟೆಗೋ ಬಾಣ ಹಿಡಿದು ಬರುವವರು ಅದರ ಮೊನೆಯನ್ನು ಕೈಯಿಂದ ಮುಚ್ಚಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ತಮಾಷೆಗೂ ಸಹೋದರನತ್ತ ಆಯುಧ ತೋರಿಸಬಾರದೆಂದರು. ಒರೆಯಿಂದ ಹೊರಗಿರುವ ಖಡ್ಗವನ್ನು ಕೈಯಿಂದ ಕೈಗೆ ಕೊಡುವುದನ್ನೂ ತಡೆದರು. ಬಾಣ ಹಿಡಿದವನು ಕೆಟ್ಟವನೆಂದು ಅವರು ಹೇಳಲಿಲ್ಲ. ಒಳ್ಳೆಯವನ ಕೈಯಿಂದಲೂ ಅನಾಹುತ ಆಗಬಹುದು ಎಂಬುದೇ ಆ ಪಾಠ. ಅಂದು ಖಡ್ಗಕ್ಕೆ ಒರೆ ಇತ್ತು. ಇಂದು ಪಿಸ್ತೂಲಿಗೆ ಆ ಒರೆ ಎಂದರೆ ಬೀಗ ಹಾಕಿದ ತಿಜೋರಿ.

ದಿಂಬಿನ ಕೆಳಗೆ, ಬಟ್ಟೆಗಳ ನಡುವೆ, ಅಟ್ಟದ ಮೇಲೆ ಇಟ್ಟರೆ ಮಕ್ಕಳಿಗೆ ಗೊತ್ತಾಗದು ಎನ್ನುತ್ತೇವೆ. ಹಬ್ಬಕ್ಕೆ ತಂದ ಮಿಠಾಯಿಯನ್ನು ಎಲ್ಲಿ ಬಚ್ಚಿಟ್ಟರೂ ಹುಡುಕುವ ಮಕ್ಕಳು ಅವರೇ ಅಲ್ಲವೇ? ಬಚ್ಚಿಡುವುದು ಬೇರೆ, ಭದ್ರಪಡಿಸುವುದು ಬೇರೆ.

ತಿಜೋರಿ ಕೊಳ್ಳುವಾಗ ಬಣ್ಣ, ಬೆಲೆಗಳಿಗಿಂತ ಮೊದಲು ಕೆಲವು ಸಂಗತಿಗಳನ್ನು ನೋಡೋಣ. ತೆಳು ತಗಡಿನ ಪೆಟ್ಟಿಗೆಯನ್ನು ಒಂದು ಸ್ಕ್ರೂಡ್ರೈವರ್‌ನಿಂದಲೇ ಮೀಟಿ ತೆರೆಯಬಹುದು. ಆದ್ದರಿಂದ ದಪ್ಪ ಉಕ್ಕಿನ ಬಾಗಿಲು, ಒಳಗೆ ಗಟ್ಟಿಯಾದ ಬೋಲ್ಟ್‌ಗಳು ಇರಬೇಕು. ಚಿಕ್ಕ ತಿಜೋರಿಯನ್ನು ಕಳ್ಳನು ಹಾಗೆಯೇ ಹೊತ್ತೊಯ್ಯುತ್ತಾನೆ. ಅದನ್ನು ಗೋಡೆಗೋ ಕಾಂಕ್ರೀಟ್ ನೆಲಕ್ಕೋ ಬೋಲ್ಟ್ ಹಾಕಿ ಬಿಗಿಯಬೇಕು. ಅಂಕಿ ಒತ್ತುವ ಬೀಗವಾದರೆ ಮಕ್ಕಳ ಜನ್ಮದಿನವನ್ನೋ ಮೊಬೈಲ್ ನಂಬರನ್ನೋ ಸಂಕೇತವಾಗಿ ಇಡಬಾರದು. ಬ್ಯಾಟರಿ ಮುಗಿದಾಗ ಬಳಸುವ ಕೀಲಿಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದರೆ ತಿಜೋರಿ ಇದ್ದೂ ಇಲ್ಲದಂತೆ.

ಒಳಗಿಡುವ ಮುನ್ನ ಗುಂಡು ತೆಗೆಯಬೇಕು. ಪಿಸ್ತೂಲಿನ ಮ್ಯಾಗಝೀನ್ ತೆಗೆದರೂ ನಳಿಗೆಯ ಹಿಂಬದಿಯಲ್ಲಿ ಒಂದು ಗುಂಡು ಉಳಿದಿರಬಹುದು. ‘ಖಾಲಿ ಇದೆ’ ಎಂದುಕೊಂಡ ಪಿಸ್ತೂಲು ಜೀವ ತೆಗೆಯುವುದು ಹೀಗೆಯೇ. ಬಾಯಿಯನ್ನು ಜನರಿಲ್ಲದ ಸುರಕ್ಷಿತ ದಿಕ್ಕಿಗೆ ಹಿಡಿದು, ಮೊದಲು ಮ್ಯಾಗಝೀನ್ ತೆಗೆದು, ನಂತರ ಸ್ಲೈಡ್ ಹಿಂದಕ್ಕೆಳೆದು ಕಣ್ಣಾರೆ ನೋಡಬೇಕು. ಗುಂಡುಗಳಿಗೆ ಬೇರೆಯೇ ಬೀಗದ ಪೆಟ್ಟಿಗೆ ಇರಲಿ. ಮಳೆಗಾಲದಲ್ಲಿ ಚರ್ಮದ ಚೀಲ ತೇವ ಹೀರಿ ಆಯುಧಕ್ಕೆ ತುಕ್ಕು ಹಿಡಿಸುತ್ತದೆ. ಚೀಲದಿಂದ ಹೊರತೆಗೆದು, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡೋಣ.

ಸಹೋದರರೇ, ಬೀಗ ಮಕ್ಕಳಿಗೆ ಮತ್ತು ಕಳ್ಳರಿಗೆ ಮಾತ್ರವಲ್ಲ. ಸಾಲ, ಜಗಳ, ಖಿನ್ನತೆಯಿಂದ ನೊಂದವರು ನಮ್ಮ ಮನೆಯೊಳಗೇ ಇರಬಹುದು. ಆ ಒಂದು ಕೆಟ್ಟ ಗಳಿಗೆಯಲ್ಲಿ ಆಯುಧ ಕೈಗೆ ಸಿಗದಿದ್ದರೆ ಒಂದು ಜೀವ ಉಳಿಯುತ್ತದೆ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂಬುದು ಕುರ್‌ಆನ್ ಕಲಿಸುವ ಪಾಠ. ಅಂತಹ ಮನೆಯಲ್ಲಿ ತಿಜೋರಿಯೂ ಸಾಲದು. ಚುನಾವಣೆಯ ಸಮಯದಲ್ಲಿ ಮಾಡುವಂತೆ ಆಯುಧವನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಡೋಣ. ನೊಂದವರನ್ನು ವೈದ್ಯರ ಬಳಿ ಕರೆದೊಯ್ಯೋಣ; ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡೋಣ.

ಒಂಟೆಯನ್ನು ಕಟ್ಟಿ ನಂತರ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಕಲಿತವರು ನಾವು. ಇಂದು ಮನೆಗೆ ಹೋದೊಡನೆ ಬೀಗವನ್ನೂ ಕೀಲಿಯನ್ನೂ ಒಮ್ಮೆ ನೋಡೋಣ. ನಮ್ಮ ಅಜಾಗ್ರತೆಯಿಂದ ಯಾರ ಜೀವಕ್ಕೂ ಕುತ್ತು ಬಾರದಂತೆ ಅಲ್ಲಾಹನು ಕಾಪಾಡಲಿ. ಆಮೀನ್.